ಸಿಮ್ಸ್ 4 ಬಿಟ್ಟು ಸಿಮ್ಸ್ 3ಕ್ಕೆ ವಾಪಸ್: ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆ ಆಟ ಕೂರಿಸುವ ಕ್ರಮ

"ಅಣ್ಣಾ, ಮತ್ತೆ ಹೋಯ್ತು."

ಚಿಕ್ಕಮ್ಮನ ಮಗಳು ತುಮಕೂರಿನ ಅಶೋಕನಗರದಿಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೀಗೆ ಹೇಳಿದ್ದು ಅದು ಮೂರನೇ ಸಲ. ಕರೆಂಟ್ ಇತ್ತು. ಹೋಗಿದ್ದು ಸಿಮ್ಸ್ 3, ಮನೆ ಕಟ್ಟಿ 'ಸಿಮ್' ಅನ್ನುವ ಜನರ ಸಂಸಾರ ನಡೆಸುವ ಕಂಪ್ಯೂಟರ್ ಆಟ. ಅವಳಿಗೆ ಗುಬ್ಬಿಯ ಅಜ್ಜಿ ಮನೆಯನ್ನು ಆಟದಲ್ಲಿ ಕಟ್ಟಬೇಕು. ರೆಡ್ ಆಕ್ಸೈಡ್ ನೆಲ, ಹಸಿರು ಬಾಗಿಲು, ಎಲ್ಲ ಹಾಗೇ ಬರಬೇಕು. ಸಿಮ್ಸ್ 4ರಲ್ಲಿ ಕಂಪನಿ ಕೊಟ್ಟ ಬಣ್ಣಗಳಲ್ಲೇ ಆರಿಸಿಕೊಳ್ಳಬೇಕು. ಸಿಮ್ಸ್ 3ರ 'ಕ್ರಿಯೇಟ್ ಎ ಸ್ಟೈಲ್'ನಲ್ಲಿ ಯಾವ ನೆಲಕ್ಕೆ ಯಾವ ಬಣ್ಣ ಬೇಕಾದರೂ ಬಳಿಯಬಹುದು. ಅದಕ್ಕೇ ವಾಪಸ್ ಬಂದಿದ್ದಾಳೆ.

ಅವಳು ಮಾಡಿದ್ದೇನು ಅಂತ ಕೇಳಿದೆ. ಒಂದೇ ರಾತ್ರಿ ಎಲ್ಲ ಪ್ಯಾಕ್ (ಕಂಪನಿ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳು) ಹಾಕಿದ್ದಾಳೆ. ಅದರ ಮೇಲೆ ನಲವತ್ತು ಮಾಡ್ (ಆಟವನ್ನು ಬದಲಾಯಿಸಲು ಆಟಗಾರರೇ ಮಾಡಿದ ಫೈಲ್‌ಗಳು) ಸುರಿದಿದ್ದಾಳೆ. ಆಮೇಲೆ ಹಳೆ ಕಂಪ್ಯೂಟರಿನ ಸೇವ್, ಅಂದರೆ ಆಡಿ ಉಳಿಸಿಟ್ಟ ಆಟ, ತಂದು ಓಪನ್ ಮಾಡಿದ್ದಾಳೆ. ನನಗೆ ಗೊತ್ತಿರುವವರಲ್ಲಿ ಸಿಮ್ಸ್ 3ಕ್ಕೆ ಮರಳಿ ಸೋತವರೆಲ್ಲ ಹೆಚ್ಚುಕಡಿಮೆ ಇದನ್ನೇ ಮಾಡಿರುತ್ತಾರೆ. ಆಟ ಬೀಳುತ್ತದೆ. ಇಷ್ಟರಲ್ಲಿ ಯಾವುದರಿಂದ ಬಿತ್ತು ಅಂತ ಹೇಗೆ ಹುಡುಕೋದು? ಎರಡು ದಿನ ಒದ್ದಾಡಿ ಮತ್ತೆ ಸಿಮ್ಸ್ 4ಕ್ಕೆ ಹೋಗುತ್ತಾರೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಸಿಮ್ಸ್ 4ರಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ಲೋಡಿಂಗ್ ಬರುತ್ತದೆ. ಸಿಮ್ಸ್ 3ರಲ್ಲಿ ಇಡೀ ಊರು ಒಟ್ಟಿಗೆ ಓಡುತ್ತಿರುತ್ತದೆ. ನಿಮ್ಮ ಸಿಮ್ ಅಡುಗೆ ಮಾಡುವಾಗ ಊರಾಚೆ ಯಾರೋ ಮೀನು ಹಿಡಿಯುತ್ತಿರುತ್ತಾರೆ, ಇನ್ನಾರೋ ಕಾರು ಓಡಿಸುತ್ತಿರುತ್ತಾರೆ. ಇದು 2009ರ ಆಟ, ವಿಂಡೋಸ್‌ನಲ್ಲಿ 32-ಬಿಟ್. ಆ ಊರೆಲ್ಲ 4 ಜಿಬಿ ಮೆಮೊರಿಯೊಳಗೇ ಹಿಡಿಸಬೇಕು. ಕೆಳಗಿನ ಹಂತಗಳಲ್ಲಿ ಜಾಸ್ತಿ ಪಾಲು ಈ 4 ಜಿಬಿಯನ್ನು ಜೋಪಾನ ಮಾಡುವ ಕೆಲಸವೇ.

ಶುರು ಮಾಡೋ ಮುಂಚೆ

ಶನಿವಾರ ಬೆಳಗ್ಗೆ ಕೂತರೆ ಸಂಜೆಯೊಳಗೆ ಮುಗಿಯುತ್ತದೆ. ರಾತ್ರಿ ಊಟ ಆದಮೇಲೆ ಶುರು ಮಾಡಬೇಡಿ. ನಿದ್ದೆಗಣ್ಣಲ್ಲಿ ಎರಡು ಹಂತ ಹಾರಿಸಿಬಿಡುತ್ತೀರಿ.

ಡಿಸ್ಕ್‌ನಲ್ಲಿ 30 ಜಿಬಿ ಖಾಲಿ ಇರಲಿ. ಎಸ್‌ಎಸ್‌ಡಿ ಇದ್ದರೆ ಆಟ ಅದರಲ್ಲೇ ಇರಲಿ. ವಿಂಡೋಸ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಸೇವ್ ಕಾಪಿಗೆ ಒಂದು ಪೆನ್‌ಡ್ರೈವ್, ಜೊತೆಗೆ ಒಂದು ಹಾಳೆ, ಪೆನ್ನು. ಯಾವ ಹಂತದಲ್ಲಿ ಏನು ಬದಲಾಯಿಸಿದಿರಿ ಅಂತ ಆ ಹಾಳೆಯಲ್ಲಿ ಬರೆಯುತ್ತಾ ಹೋಗಿ. ನಗಬೇಡಿ, ಏಳನೇ ಹಂತಕ್ಕೆ ಬಂದಾಗ ಇದೇ ಕೈಹಿಡಿಯುತ್ತದೆ.

ಫೈಲ್ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ. ಸ್ಕ್ರೀನ್ ಮೇಲೆ ಅವು ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತವೆ.

ಹಂತ 1: ಒಂದೇ ಅಂಗಡಿಯಿಂದ ತಗೊಳ್ಳಿ

ಸಿಮ್ಸ್ 3 ಈಗ ಸ್ಟೀಮ್‌ನಲ್ಲಿ ಸಿಗುತ್ತದೆ, ಇಎ ಆ್ಯಪ್‌ನಲ್ಲೂ ಸಿಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಮುಂದೆ ಕೊಳ್ಳುವ ಪ್ಯಾಕ್‌ಗಳನ್ನೂ ಅಲ್ಲೇ ಕೊಳ್ಳಿ. ಬೇಸ್ ಗೇಮ್ (ಮೂಲ ಆಟ) ಒಂದು ಕಡೆ, ಪ್ಯಾಕ್ ಇನ್ನೊಂದು ಕಡೆ ಆದರೆ ಒಂದಕ್ಕೊಂದು ಗುರುತು ಹಿಡಿಯದೆ ಕೂರುತ್ತವೆ.

ಸ್ಟೀಮ್‌ನ ಮತ್ತು ಹಳೆ ಡಿವಿಡಿಯ ಆಟ 1.67 ಪ್ಯಾಚ್‌ವರೆಗೆ (ಕಂಪನಿ ತಿದ್ದಿ ಕೊಟ್ಟ ಆವೃತ್ತಿ) ಬರುತ್ತದೆ. ಇಎ ಆ್ಯಪ್‌ನದು 1.69. ಆಡುವಾಗ ಈ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ಕೆಲವು ಮಾಡ್‌ಗಳು ಯಾವ ಪ್ಯಾಚ್ ಅಂತ ನೋಡುತ್ತವೆ. ನಿಮ್ಮದು ಯಾವುದು ಅಂತ ಹಾಳೆಯ ಮೇಲ್ಗಡೆ ಬರೆದುಕೊಳ್ಳಿ.

ಹಳೆ ಡಿವಿಡಿ ಡಬ್ಬಿ ಮನೆಯಲ್ಲಿದ್ದರೆ ಎಸೆಯಬೇಡಿ. ಹೊಸ ಲ್ಯಾಪ್‌ಟಾಪ್‌ಗೆ ಡಿವಿಡಿ ಡ್ರೈವೇ ಇರುವುದಿಲ್ಲ, ಆದರೆ ಒಳಗಿರುವ ಕೋಡ್ ಮುಖ್ಯ. ಅದನ್ನು ಇಎ ಆ್ಯಪ್‌ನಲ್ಲಿ ರಿಡೀಮ್ ಮಾಡಿ ನೋಡಿ. ಆಟ ನಿಮ್ಮ ಅಕೌಂಟ್‌ಗೆ ಬಂದರೆ ದುಡ್ಡು ಉಳಿಯಿತು.

ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕಾಪಿ ಬೇಡ. ಅದರಲ್ಲಿ ಯಾವ ಪ್ಯಾಚ್ ಇದೆ ಅಂತ ಕೊಟ್ಟವನಿಗೇ ಗೊತ್ತಿರುವುದಿಲ್ಲ. ವೈರಸ್ ಇದ್ದರೆ ಅದೂ ಗೊತ್ತಿರುವುದಿಲ್ಲ.

ಒಟ್ಟು 11 ಎಕ್ಸ್‌ಪ್ಯಾನ್ಷನ್ ಪ್ಯಾಕ್, 9 ಸ್ಟಫ್ ಪ್ಯಾಕ್ ಇವೆ. ಎಲ್ಲ ಬೇಕಾಗಿಲ್ಲ. ನನ್ನನ್ನು ಕೇಳಿದರೆ ಮೊದಲು 'ಸೀಸನ್ಸ್' ಮತ್ತು 'ಜನರೇಷನ್ಸ್' ಸಾಕು. ಆಮೇಲೆ ಬೇಕಿದ್ದರೆ 'ಆಂಬಿಷನ್ಸ್'. 'ಐಲ್ಯಾಂಡ್ ಪ್ಯಾರಡೈಸ್' ಕೊನೆಗೆ, ಅದೂ ತುಂಬಾ ಆಸೆ ಇದ್ದರೆ. ಸೇಲ್ ಬಂದಾಗ ರೇಟು ಇಳಿಯುತ್ತದೆ, ಕಾಯಿರಿ.

ಹಂತ 2: ಡಾಕ್ಯುಮೆಂಟ್ಸ್ ಫೋಲ್ಡರ್ ನೋಡಿಕೊಳ್ಳಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಅದಕ್ಕೇ 'ಸರ್ವಿಸ್ ಇನಿಶಿಯಲೈಸೇಶನ್ ಫೇಲ್ಡ್' ಅನ್ನುವ ಎರರ್ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಸಿಮ್ಸ್ 3 ತನ್ನ ಸೇವ್, ಮಾಡ್, ಸೆಟ್ಟಿಂಗ್ ಎಲ್ಲವನ್ನೂ ಡಾಕ್ಯುಮೆಂಟ್ಸ್ ಒಳಗಿನ 'ಎಲೆಕ್ಟ್ರಾನಿಕ್ ಆರ್ಟ್ಸ್' ಫೋಲ್ಡರ್‌ನಲ್ಲಿ, ಅದರೊಳಗೆ 'ದ ಸಿಮ್ಸ್ 3' ಅನ್ನುವ ಫೋಲ್ಡರ್‌ನಲ್ಲಿ ಇಡುತ್ತದೆ. ವಿಂಡೋಸ್ 11 ಶುರುವಿನಲ್ಲೇ ನಿಮ್ಮ ಡಾಕ್ಯುಮೆಂಟ್ಸನ್ನು ಒನ್‌ಡ್ರೈವ್‌ಗೆ ಸೇರಿಸಿರಬಹುದು. ಆಗ ಆಟ ಬರೆಯುತ್ತಿರುವ ಫೈಲನ್ನೇ ಒನ್‌ಡ್ರೈವ್ ಅದೇ ಹೊತ್ತಿಗೆ ಮೇಲಕ್ಕೆ ಕಳಿಸಲು ಎಳೆಯುತ್ತದೆ. ಇಬ್ಬರ ಜಗಳದಲ್ಲಿ ಸೇವ್ ಕೆಡುತ್ತದೆ.

ಒನ್‌ಡ್ರೈವ್ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಪಟ್ಟಿಯಲ್ಲಿ ಡಾಕ್ಯುಮೆಂಟ್ಸ್ ಆಫ್ ಮಾಡಿ. ಆಫ್ ಮಾಡಿದಮೇಲೆ ಫೈಲ್‌ಗಳು ಎಲ್ಲಿವೆ ಅಂತ ನೋಡಿಕೊಳ್ಳಿ. ಕೆಲವು ಸಲ ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಉಳಿದು ಡಾಕ್ಯುಮೆಂಟ್ಸ್ ಖಾಲಿ ಕಾಣುತ್ತದೆ. ಗಾಬರಿ ಬೇಡ, ಕಾಪಿ ಮಾಡಿ ವಾಪಸ್ ತನ್ನಿ.

ಇನ್ನೊಂದು ಅಡ್ಡಗಾಲು 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್'. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಕೆಳಗೆ ಇರುತ್ತದೆ. ಅದು ಆನ್ ಇದ್ದರೆ ಗುರುತಿಲ್ಲದ ಪ್ರೋಗ್ರಾಮ್‌ಗಳನ್ನು ಡಾಕ್ಯುಮೆಂಟ್ಸ್‌ನಲ್ಲಿ ಬರೆಯಲು ಬಿಡುವುದಿಲ್ಲ. ಅದನ್ನು ಪೂರ್ತಿ ಆಫ್ ಮಾಡುವ ಬದಲು ಆಟದ ಪ್ರೋಗ್ರಾಮನ್ನು ಅನುಮತಿ ಪಟ್ಟಿಗೆ ಸೇರಿಸಿ. ಆಟ ಹಾಕಿದಮೇಲೆ ಇದನ್ನು ಮಾಡಬಹುದು.

ಹಂತ 3: ಬರೀ ಬೇಸ್ ಗೇಮ್ ಹಾಕಿ, ಓಡಿಸಿ

ಪ್ಯಾಕ್ ಬೇಡ, ಮಾಡ್ ಬೇಡ. ಸ್ಟೀಮ್‌ನಲ್ಲಾದರೆ ಡಿಎಲ್‌ಸಿ (ಪ್ಯಾಕ್‌ಗಳ) ಪಟ್ಟಿಯಲ್ಲಿ ಎಲ್ಲ ಟಿಕ್ ತೆಗೆಯಿರಿ. ಬೇಸ್ ಗೇಮ್ ಇಳಿದಮೇಲೆ ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿ, ಆಟ ತೆರೆಯಿರಿ. 'ಸನ್‌ಸೆಟ್ ವ್ಯಾಲಿ' ಊರು ಆರಿಸಿ, ಅಲ್ಲಿರುವ ಯಾವುದಾದರೂ ಕುಟುಂಬ ತಗೊಂಡು ಹತ್ತು ನಿಮಿಷ ಆಡಿ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಅದೇ ಸೇವ್ ಲೋಡ್ ಮಾಡಿ. ಲೋಡ್ ಆದರೆ ಈ ಹಂತ ಪಾಸ್.

ಆಟ ತೆರೆಯಲೇ ಇಲ್ಲವಾ? ಕ್ಲಿಕ್ ಮಾಡಿದಾಗ ಎರಡು ಸೆಕೆಂಡ್ ಚಕ್ರ ತಿರುಗಿ, ಎರರ್ ಕೂಡ ತೋರಿಸದೆ ಸುಮ್ನಾಗುತ್ತದಾ? ನಿಮ್ಮ ಪ್ರೊಸೆಸರ್ ಯಾವುದು ನೋಡಿ. ಇಂಟೆಲ್ 12ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿದ್ದರೆ ಕಾರಣ ಬಹುಪಾಲು ಅದೇ. ಈ ಚಿಪ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಅಂತ ಎರಡು ಬಗೆ ಇರುತ್ತವೆ. 2009ರ ಆಟಕ್ಕೆ ಇದು ಅರ್ಥವಾಗುವುದಿಲ್ಲ. ಇದಕ್ಕಾಗಿ ಆಟಗಾರರೇ ಮಾಡಿದ ಪುಟ್ಟ ಪ್ಯಾಚ್ ಇದೆ, 'ಆಲ್ಡರ್ ಲೇಕ್ ಪ್ಯಾಚ್' ಅಂತ ಹುಡುಕಿ. ಅದರ ಜೊತೆ ಬರುವ ಸೂಚನೆಯನ್ನು ಪೂರ್ತಿ ಓದಿ. ನಿಮ್ಮ ಆಟದ ಪ್ಯಾಚ್ ಸಂಖ್ಯೆ ಹೊಂದುತ್ತದಾ ಅಂತ ನೋಡಿಯೇ ಹಾಕಿ.

ಇಲ್ಲಿ ಎಷ್ಟೋ ಜನ ವಿಂಡೋಸನ್ನೇ ಮತ್ತೆ ಹಾಕಿಸುತ್ತಾರೆ. ದಂಡ. ಚಿಪ್ ಅದೇ ಇರುತ್ತದಲ್ವಾ?

ಹಂತ 4: ಗ್ರಾಫಿಕ್ಸ್ ಕಾರ್ಡ್ ಪರಿಚಯ ಮಾಡಿಸಿ

ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಒಂದು ಪ್ರೊಸೆಸರ್ ಜೊತೆ ಬಂದಿದ್ದು, ಇನ್ನೊಂದು ಬೇರೆ ಕಾರ್ಡು. ಸಿಮ್ಸ್ 3 ಎಷ್ಟೋ ಸಲ ಚಿಕ್ಕದನ್ನೇ ಹಿಡಿದುಕೊಳ್ಳುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ. ಆಟದ ಫೋಲ್ಡರ್‌ನಲ್ಲಿ 'ಗೇಮ್', ಅದರೊಳಗೆ 'ಬಿನ್' ಇದೆ. ಅಲ್ಲಿರುವ 'ಟಿಎಸ್3ಡಬ್ಲ್ಯು' ಅನ್ನುವ ಪ್ರೋಗ್ರಾಮನ್ನು ಸೇರಿಸಿ 'ಹೈ ಪರ್ಫಾರ್ಮೆನ್ಸ್' ಕೊಡಿ. ಲಾಂಚರ್‌ಗೆ (ಆಟಕ್ಕೂ ಮುಂಚೆ ತೆರೆಯುವ ಕಿಟಕಿ) ಕೊಟ್ಟರೆ ಪ್ರಯೋಜನ ಇಲ್ಲ. ನಿಜವಾದ ಆಟ ಈ ಟಿಎಸ್3ಡಬ್ಲ್ಯು.

ಈಗ ಡಾಕ್ಯುಮೆಂಟ್ಸ್‌ನ ಸಿಮ್ಸ್ 3 ಫೋಲ್ಡರ್‌ನಲ್ಲಿ 'ಡಿವೈಸ್‌ಕಾನ್ಫಿಗ್' ಅನ್ನುವ ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗ್ರಾಫಿಕ್ಸ್ ಕಾರ್ಡಿನ ಹೆಸರಿರುವ ಸಾಲುಗಳ ಬಳಿ 'ಫೌಂಡ್' ಮತ್ತು 'ಮ್ಯಾಚ್ಡ್' ಅಂತ ಕಾಣುತ್ತದೆ. ಎರಡರ ಮುಂದೆಯೂ 1 ಇದ್ದರೆ ಐದನೇ ಹಂತಕ್ಕೆ ಹೋಗಿ. 0 ಇದ್ದರೆ ಆಟಕ್ಕೆ ನಿಮ್ಮ ಕಾರ್ಡು ಯಾರು ಅಂತಲೇ ಗೊತ್ತಿಲ್ಲ. ಹೊಸ ಕಾರ್ಡುಗಳೆಲ್ಲ ಹಾಗೇ, ಪಟ್ಟಿ ಬರೆದವರ ಕಾಲಕ್ಕೆ ಅವು ಹುಟ್ಟಿರಲಿಲ್ಲ. ಅದೇ ಲಾಗ್‌ನಲ್ಲಿ ಟೆಕ್ಸ್ಚರ್ ಮೆಮೊರಿ 32 ಎಂಬಿ ಅಂತ ತೋರಿಸಿ ಪಕ್ಕದಲ್ಲಿ 'ಓವರ್‌ರೈಡ್' ಅಂತಿದ್ದರೆ ಅದೂ ಸರಿಮಾಡಬೇಕು.

ಸರಿಮಾಡುವ ಎರಡು ಫೈಲ್ 'ಬಿನ್' ಫೋಲ್ಡರ್‌ನಲ್ಲೇ ಇವೆ: 'ಗ್ರಾಫಿಕ್ಸ್‌ಕಾರ್ಡ್ಸ್' ಮತ್ತು 'ಗ್ರಾಫಿಕ್ಸ್‌ರೂಲ್ಸ್'. ಮೊದಲು ಎರಡರ ಕಾಪಿಯನ್ನೂ ಡೆಸ್ಕ್‌ಟಾಪ್‌ನಲ್ಲಿ ಇಡಿ. ಇದನ್ನು ಮಾಡದೆ ಮುಂದಿನ ಸಾಲು ಓದಬೇಡಿ.

ಗ್ರಾಫಿಕ್ಸ್‌ಕಾರ್ಡ್ಸ್‌ನಲ್ಲಿ ನಿಮ್ಮ ಕಂಪನಿಯ ವಿಭಾಗ ಹುಡುಕಿ. ಎನ್‌ವಿಡಿಯಾ, ಎಎಮ್‌ಡಿ (ಹಳೆ ಹೆಸರು ಎಟಿಐ) ಅಥವಾ ಇಂಟೆಲ್. ಅಲ್ಲಿ 'ಕಾರ್ಡ್' ಅಂತ ಶುರುವಾಗುವ ಸಾಲುಗಳ ಸಾಲೇ ಇರುತ್ತದೆ. ಒಂದನ್ನು ಕಾಪಿ ಮಾಡಿ ಕೆಳಗೆ ಅಂಟಿಸಿ. ಸೊನ್ನೆ-ಎಕ್ಸ್ ಆದಮೇಲೆ ಬರುವ ನಾಲ್ಕು ಅಕ್ಷರದ ಜಾಗದಲ್ಲಿ ನಿಮ್ಮ ಲಾಗ್‌ನಲ್ಲಿ 'ಡಿವೈಸ್' ಎದುರು ಇರುವ ನಾಲ್ಕು ಅಕ್ಷರ ಹಾಕಿ. ಉದ್ಧರಣ ಚಿಹ್ನೆಯೊಳಗೆ ಕಾರ್ಡಿನ ಹೆಸರು ಬರೆಯಿರಿ. ಗ್ರಾಫಿಕ್ಸ್‌ರೂಲ್ಸ್‌ನಲ್ಲಿ ಟೆಕ್ಸ್ಚರ್ ಮೆಮೊರಿಗೆ 32 ಅಂತ ಇಟ್ಟಿರುವ ಸಾಲು ಹುಡುಕಿ 1024 ಮಾಡಿ. ಬೇರೇನೂ ಮುಟ್ಟಬೇಡಿ. ಆಟ ತೆರೆದು ಮುಚ್ಚಿ, ಲಾಗ್ ಮತ್ತೆ ನೋಡಿ.

ಸಾಮಾನ್ಯ ತಪ್ಪು: ಉದ್ಧರಣ ಚಿಹ್ನೆ ಒಂದು ಬಿಟ್ಟುಹೋಗುವುದು. ಆಮೇಲೆ ಆಟ ತೆರೆಯುವುದೇ ಇಲ್ಲ. ಆಗ ಡೆಸ್ಕ್‌ಟಾಪ್‌ನ ಕಾಪಿ ವಾಪಸ್ ಹಾಕಿ ಮೊದಲಿನಿಂದ ಮಾಡಿ.

ಹಂತ 5: ಫ್ರೇಮ್‌ಗೆ ಕಡಿವಾಣ ಹಾಕಿ

ಸಿಮ್ಸ್ 3ಕ್ಕೆ ಫ್ರೇಮ್ (ಸ್ಕ್ರೀನ್ ಮೇಲೆ ಒಂದಾದ ಮೇಲೊಂದು ಬರುವ ಚಿತ್ರ) ಮಿತಿ ಇಲ್ಲ. ಒಳ್ಳೆ ಕಾರ್ಡು ಸಿಕ್ಕಿತು ಅಂದರೆ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತಾ ಕೂರುತ್ತದೆ, ಮೆನು ತೆರೆದಿಟ್ಟಾಗಲೂ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಲ್ಯಾಪ್‌ಟಾಪ್ ಮಾತ್ರ ಕಾಯುತ್ತದೆ. ಏಪ್ರಿಲ್‌ನಲ್ಲಿ ತುಮಕೂರಿನ ಶೀಟ್ ಮನೆಯಲ್ಲಿ ಮಧ್ಯಾಹ್ನ ಆಡಿ ನೋಡಿ, ಕೀಬೋರ್ಡ್ ಮೇಲೆ ಹಪ್ಪಳ ಸುಡಬಹುದು.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಮ್ಯಾನೇಜ್ 3ಡಿ ಸೆಟ್ಟಿಂಗ್ಸ್', 'ಪ್ರೋಗ್ರಾಮ್ ಸೆಟ್ಟಿಂಗ್ಸ್' ತೆರೆದು ಟಿಎಸ್3ಡಬ್ಲ್ಯು ಸೇರಿಸಿ. 'ಮ್ಯಾಕ್ಸ್ ಫ್ರೇಮ್ ರೇಟ್' 60 ಮಾಡಿ. ಎಎಮ್‌ಡಿಯವರಿಗೆ ಅಡ್ರಿನಲಿನ್ ಸಾಫ್ಟ್‌ವೇರ್‌ನಲ್ಲಿ ಇಂಥದೇ ಮಿತಿ ಇದೆ. ಎರಡೂ ಇಲ್ಲದವರು 'ರಿವಾ ಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್' ಹಾಕಿಕೊಳ್ಳಿ, ಪುಕ್ಕಟೆ.

ಕೆಲಸ ಆಯಿತಾ ಅಂತ ನೋಡಲು ಆಟದೊಳಗೆ ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿ. ಮೇಲೆ ಬರುವ ಪೆಟ್ಟಿಗೆಯಲ್ಲಿ 'ಎಫ್‌ಪಿಎಸ್ ಆನ್' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಸಂಖ್ಯೆ 60ರ ಆಸುಪಾಸಿನಲ್ಲಿ ನಿಲ್ಲಬೇಕು. 200, 300 ಅಂತ ಕುಣಿಯುತ್ತಿದ್ದರೆ ಮಿತಿ ಲಾಂಚರ್‌ಗೆ ಹಾಕಿದ್ದೀರಿ, ಆಟಕ್ಕೆ ಹಾಕಿಲ್ಲ.

ಫ್ಯಾನ್ ಜೋರಾಗಿ ಕೂಗಿ, ಆಟ ಮುಚ್ಚಿದಮೇಲೂ ಐದು ನಿಮಿಷ ನಿಲ್ಲದಿದ್ದರೆ ಅದು ಎಚ್ಚರಿಕೆ. ಫ್ರೇಮ್ ಮಿತಿ ಹಾಕುವವರೆಗೆ ಮತ್ತೆ ತೆರೆಯಬೇಡಿ. ಹಾಸಿಗೆ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡುವುದೂ ಬೇಡ.

ಹಂತ 6: ಪ್ಯಾಕ್‌ಗಳು, ಒಂದಾದ ಮೇಲೆ ಒಂದು

ಬಿಡುಗಡೆಯಾದ ಕ್ರಮದಲ್ಲಿ ಹಾಕಿ. ಡಿಸ್ಕ್ ಇದ್ದವರಿಗೆ ಇದೇ ಒಳ್ಳೇದು. ಡೌನ್‌ಲೋಡ್ ಮಾಡುವವರಿಗೂ ಒಳ್ಳೆ ಅಭ್ಯಾಸ. ಕ್ರಮ ಹೀಗೆ: ವರ್ಲ್ಡ್ ಅಡ್ವೆಂಚರ್ಸ್, ಆಂಬಿಷನ್ಸ್, ಲೇಟ್ ನೈಟ್, ಜನರೇಷನ್ಸ್, ಪೆಟ್ಸ್, ಶೋಟೈಮ್, ಸೂಪರ್‌ನ್ಯಾಚುರಲ್, ಸೀಸನ್ಸ್, ಯೂನಿವರ್ಸಿಟಿ ಲೈಫ್, ಐಲ್ಯಾಂಡ್ ಪ್ಯಾರಡೈಸ್, ಇನ್‌ಟು ದ ಫ್ಯೂಚರ್. ನಿಮ್ಮಲ್ಲಿ ಇರುವುದನ್ನಷ್ಟೇ ಈ ಸಾಲಿನಲ್ಲಿ ಹಾಕಿಕೊಳ್ಳಿ.

ಒಂದು ಪ್ಯಾಕ್ ಹಾಕಿ. ಆಟ ತೆರೆದು ಹೊಸ ಊರು ಶುರು ಮಾಡಿ, ಐದು ನಿಮಿಷ ಆಡಿ, ಮುಚ್ಚಿ. ಮುಂದಿನದು. ಬೇಜಾರಿನ ಕೆಲಸ, ನಿಜ. ಆದರೆ ಐದನೇ ಪ್ಯಾಕ್ ಹಾಕಿದಾಗ ಆಟ ಬಿದ್ದರೆ ತಪ್ಪು ಐದನೆಯದರಲ್ಲಿ ಅಂತ ಗೊತ್ತಾಗುತ್ತದೆ.

ಪ್ರತಿ ಪ್ಯಾಕ್ ಆ 4 ಜಿಬಿಯಲ್ಲಿ ಸ್ವಲ್ಪ ಜಾಗ ತಿನ್ನುತ್ತದೆ. ಪೆಟ್ಸ್ ಹಾಕಿದರೆ ಊರಿನ ಬೀದಿನಾಯಿಗಳ ಲೆಕ್ಕವನ್ನೂ ಆಟವೇ ನೋಡಬೇಕು. ಆಡದ ಪ್ಯಾಕ್ ಇಟ್ಟುಕೊಳ್ಳಬೇಡಿ. ಕೊಂಡಿದ್ದೀನಲ್ಲಾ ಅಂತ ಹಾಕುವುದು ದಾವಣಿಯ ಮೇಲೆ ಸ್ವೆಟರ್ ಹಾಕಿಕೊಂಡ ಹಾಗೆ.

ಹಂತ 7: ಮಾಡ್‌ಗಳು, ಕಮ್ಮಿ ಆದಷ್ಟೂ ಒಳ್ಳೇದು

ಪ್ಯಾಕ್ ಎಲ್ಲ ನಿಂತಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಡಾಕ್ಯುಮೆಂಟ್ಸ್‌ನ ಸಿಮ್ಸ್ 3 ಫೋಲ್ಡರ್‌ನಲ್ಲಿ 'ಮಾಡ್ಸ್' ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ 'ಪ್ಯಾಕೇಜಸ್' ಅಂತ ಇನ್ನೊಂದು. 'ರಿಸೋರ್ಸ್' ಅನ್ನುವ ಸಿಎಫ್‌ಜಿ ಫೈಲ್ ಮಾಡ್ಸ್‌ನಲ್ಲಿ ಇರಬೇಕು, ಪ್ಯಾಕೇಜಸ್‌ನಲ್ಲಿ ಅಲ್ಲ. ನಾನು ನೋಡಿದ 'ಮಾಡ್ ಕೆಲಸ ಮಾಡ್ತಿಲ್ಲ' ಕೇಸುಗಳಲ್ಲಿ ಅರ್ಧ ಈ ಒಂದು ಫೈಲ್ ತಪ್ಪು ಜಾಗದಲ್ಲಿದ್ದದ್ದು. ಇನ್ನೊಂದು ಗೊಂದಲ: 'ಪ್ಯಾಕೇಜ್' ಅಂತ ಮುಗಿಯುವ ಫೈಲ್ ಈ ಫೋಲ್ಡರ್‌ಗೆ ಹೋಗುತ್ತದೆ, 'ಸಿಮ್ಸ್3ಪ್ಯಾಕ್' ಅಂತ ಮುಗಿಯುವುದನ್ನು ಲಾಂಚರ್ ಮೂಲಕ ಹಾಕಬೇಕು.

ಮೊದಲು ಹಾಕಬೇಕಾದವು ಅಲಂಕಾರದ ಮಾಡ್‌ಗಳಲ್ಲ, ರಿಪೇರಿಯವು. ಎನ್‌ರಾಸ್ ಅನ್ನುವ ಗುಂಪಿನ ನಾಲ್ಕು ಸಾಕು. 'ಎರರ್‌ಟ್ರ್ಯಾಪ್' ಆಟದೊಳಗಿನ ತಪ್ಪುಗಳನ್ನು ಹಿಡಿದು ಸರಿಮಾಡುತ್ತದೆ. 'ಓವರ್‌ವಾಚ್' ದಿನಾ ರಾತ್ರಿ ಊರು ಗುಡಿಸುತ್ತದೆ. ಬಿ.ಎಚ್. ರಸ್ತೆಯಲ್ಲಿ ಆಟೋ ಅಡ್ಡ ನಿಂತ ಹಾಗೆ ಈ ಆಟದಲ್ಲೂ ಯಾರದ್ದೋ ಕಾರು ಎಲ್ಲೋ ಸಿಕ್ಕಿಕೊಂಡು ಉಳಿಯುತ್ತದೆ. ಅಂಥವನ್ನು ಎತ್ತಿಹಾಕುವುದು ಇದರ ಕೆಲಸ. 'ರಿಜಿಸ್ಟರ್' ಊರಿಗೆ ಸುಮ್ಮನೆ ಬಂದು ತುಂಬಿಕೊಳ್ಳುವ ಸಿಮ್‌ಗಳ ಮೇಲೆ ಹಿಡಿತ ಕೊಡುತ್ತದೆ. 'ಮಾಸ್ಟರ್‌ಕಂಟ್ರೋಲರ್' ಇದ್ದರೆ ಕಲ್ಲಿನ ಹಾಗೆ ನಿಂತ ಸಿಮ್‌ನನ್ನು ರೀಸೆಟ್ ಮಾಡಬಹುದು.

ಆಟ ಆಗಾಗ ತಡವರಿಸಿದರೆ 'ಸ್ಮೂತ್ ಪ್ಯಾಚ್' ಹಾಕಿ. ಅದಕ್ಕೆ ಜೊತೆಗೊಂದು ಲೋಡರ್ ಬೇಕು, ಸೂಚನೆ ಅದರ ಜೊತೆಗೇ ಬರುತ್ತದೆ.

ಒಂದು ಮಾಡ್ ಹಾಕಿದಾಗಲೆಲ್ಲ 'ಸ್ಕ್ರಿಪ್ಟ್‌ಕ್ಯಾಶ್' ಫೈಲ್ ಅಳಿಸಿ ಆಟ ತೆರೆಯಿರಿ. ಇಲ್ಲದಿದ್ದರೆ ಆಟ ಹಳೆ ಲೆಕ್ಕವನ್ನೇ ಇಟ್ಟುಕೊಂಡು ಹೊಸ ಮಾಡನ್ನು ಗಮನಿಸುವುದಿಲ್ಲ. ಹಾಳೆಯಲ್ಲಿ ಹೆಸರು, ತಾರೀಖು ಬರೆಯಿರಿ. ಸೋಫಾ, ಸೀರೆ, ತಲೆಗೂದಲು ಇವೆಲ್ಲ ಆಮೇಲೆ, ಐದೈದು ಮಾತ್ರ.

ಹಂತ 8: ಆಟದೊಳಗಿನ ಸೆಟ್ಟಿಂಗ್, ಊರಿನ ಆಯ್ಕೆ

ಆಪ್ಷನ್ಸ್‌ನಲ್ಲಿ 'ಇಂಟರಾಕ್ಟಿವ್ ಲೋಡಿಂಗ್' ಆಫ್ ಮಾಡಿ. ಲೋಡ್ ಆಗುವಾಗ ವಸ್ತು ಹುಡುಕುವ ಆಟ ಯಾರಿಗೆ ಬೇಕು? 'ಮೆಮೊರೀಸ್' ಕೂಡ ಆಫ್ ಮಾಡಿ. ಸಿಮ್ ಬದುಕಿನ ಚಿಕ್ಕಪುಟ್ಟ ಘಟನೆಗಳೆಲ್ಲ ನೆನಪಾಗಿ ಸೇವ್ ಒಳಗೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಆಟದೊಳಗಿನ ಅಂಗಡಿಯನ್ನೂ ಮುಚ್ಚಿ. ಹೈ ಡೀಟೇಲ್ ಲಾಟ್ಸ್ ಕಮ್ಮಿ ಇಟ್ಟರೆ ಪಕ್ಕದ ಮನೆಗಳು ದೂರದಿಂದ ಸ್ವಲ್ಪ ಮೊಂಡಾಗಿ ಕಾಣುತ್ತವೆ, ಮೆಮೊರಿ ಉಳಿಯುತ್ತದೆ.

ಊರಿನ ವಿಷಯದಲ್ಲಿ ಹಟ ಬೇಡ. ಮೊದಲ ಕುಟುಂಬಕ್ಕೆ ಸನ್‌ಸೆಟ್ ವ್ಯಾಲಿ ಅಥವಾ ಪುಕ್ಕಟೆ ಸಿಗುವ 'ರಿವರ್‌ವ್ಯೂ' ಸಾಕು. 'ಬ್ರಿಡ್ಜ್‌ಪೋರ್ಟ್' ಭಾರ. 'ಇಸ್ಲಾ ಪ್ಯಾರಡಿಸೊ' ಅಂತೂ ಎಂಥ ಲ್ಯಾಪ್‌ಟಾಪನ್ನೂ ಎಳೆಯುತ್ತದೆ. ಅಲ್ಲಿ ದೋಣಿಮನೆಗಳು, ದ್ವೀಪಗಳ ನಡುವೆ ದಾರಿ ಸಿಗದೆ ನಿಂತ ಸಿಮ್‌ಗಳು, ಇವರ ದಾರಿ ಲೆಕ್ಕ ಹಾಕುವುದರಲ್ಲೇ ಆಟದ ಸಮಯ ಹೋಗುತ್ತದೆ. ನನ್ನ ತಂಗಿ ಮೊದಲು ಆರಿಸಿದ್ದು ಅದನ್ನೇ. ಗುಬ್ಬಿ ಮನೆಗೆ ಸಮುದ್ರ ಯಾಕೆ ಬೇಕಿತ್ತೋ.

ಹಂತ 9: ಸೇವ್ ಮಾಡುವ ಕ್ರಮ

ಇಷ್ಟು ದೂರ ಬಂದವರು ಸೋಲುವುದು ಇಲ್ಲಿ. ಸಿಮ್ಸ್ 3ರಲ್ಲಿ ಆಟೋ ಸೇವ್ ಇಲ್ಲ. ನೀವು ಮಾಡದಿದ್ದರೆ ಯಾರೂ ಮಾಡುವುದಿಲ್ಲ.

'ಸೇವ್' ಒತ್ತುವ ಅಭ್ಯಾಸ ಬಿಡಿ. 'ಸೇವ್ ಆ್ಯಸ್' ಮಾಡಿ. 'ಗುಬ್ಬಿ 1', 'ಗುಬ್ಬಿ 2', 'ಗುಬ್ಬಿ 3' ಅಂತ ಮೂರು ಹೆಸರು ಇಟ್ಟುಕೊಂಡು ಸುತ್ತಿನಲ್ಲಿ ಬಳಸಿ. ಒಂದು ಕೆಟ್ಟರೆ ಹಿಂದಿನದು ಇರುತ್ತದೆ. 'ಸೇವ್ಸ್' ಫೋಲ್ಡರ್ ಒಳಗೆ ಪ್ರತಿ ಸೇವ್ ಒಂದೊಂದು ಫೋಲ್ಡರ್ ಆಗಿರುತ್ತದೆ. 'ಬ್ಯಾಕಪ್' ಅಂತ ಮುಗಿಯುವುದು ಅದರ ಹಿಂದಿನ ಕಾಪಿ. ಮುಖ್ಯ ಸೇವ್ ತೆರೆಯದಿದ್ದರೆ ಅದನ್ನು ಬೇರೆ ಕಡೆ ಸರಿಸಿ, ಬ್ಯಾಕಪ್ ಫೋಲ್ಡರ್ ಹೆಸರಿನ ಕೊನೆಯ 'ಬ್ಯಾಕಪ್' ಪದ ಮತ್ತು ಅದರ ಹಿಂದಿನ ಚುಕ್ಕಿ ತೆಗೆದು ಆಡಬಹುದು.

ಸೇವ್ ಮಾಡುವ ಮುಂಚೆ ಆಟ ಪಾಜ್ ಮಾಡಿ (ತಾತ್ಕಾಲಿಕವಾಗಿ ನಿಲ್ಲಿಸಿ). ಕ್ಯಾಮೆರಾವನ್ನು ನಿಮ್ಮ ಮನೆಯ ಮೇಲೆ ತನ್ನಿ. ಅರ್ಧ ನಿಮಿಷ ಬಿಡಿ. ಆಮೇಲೆ ಸೇವ್. ಊರಿನ ಆ ತುದಿ ಈ ತುದಿ ಸುತ್ತಾಡಿ ತಕ್ಷಣ ಸೇವ್ ಒತ್ತಬೇಡಿ. ನೀವು ನೋಡಿದ ಪ್ರತಿ ಮನೆಯೂ ಆಗ ಮೆಮೊರಿಯಲ್ಲಿ ಕೂತಿರುತ್ತದೆ.

ಒಂದು ಕಣ್ಣು ಟಾಸ್ಕ್ ಮ್ಯಾನೇಜರ್ ಮೇಲೂ ಇರಲಿ. 'ಡೀಟೇಲ್ಸ್'ನಲ್ಲಿ ಟಿಎಸ್3ಡಬ್ಲ್ಯು ಎಷ್ಟು ಮೆಮೊರಿ ತಿನ್ನುತ್ತಿದೆ ನೋಡಿ. 3 ಜಿಬಿ ದಾಟಿತಾ, ಸೇವ್ ಮಾಡಿ, ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. 3.5 ತನಕ ಎಳೆದರೆ ಸೇವ್ ಆಗುವುದೇ ಅನುಮಾನ. ಈ ಲೆಕ್ಕ ಗೊತ್ತಿಲ್ಲದೆ ನಾನೂ ಒಮ್ಮೆ ದುಡ್ಡು ಕಳೆದಿದ್ದೇನೆ. ಆಟ ಪದೇ ಪದೇ ಬೀಳುತ್ತಿದೆ ಅಂತ ಒಂದು ಅಂಗಡಿಗೆ ಹೋದೆ. "ರ‍್ಯಾಮ್ ಸಾಲದು ಸಾರ್" ಅಂದರು. 8 ಇದ್ದದ್ದನ್ನು 16 ಮಾಡಿಸಿದೆ. ಮನೆಗೆ ಬಂದು ಆಡಿದರೆ ಅದೇ ಜಾಗದಲ್ಲಿ ಬಿತ್ತು. 32-ಬಿಟ್ ಆಟಕ್ಕೆ 4 ಜಿಬಿಯಾಚೆ ಕೈ ಚಾಚಲು ಆಗುವುದಿಲ್ಲ, ನೀವು 64 ಹಾಕಿಸಿದರೂ.

ಡೆಸ್ಕ್‌ಟಾಪ್‌ನಲ್ಲಿ ಆಡುವವರು ಯುಪಿಎಸ್ ಇಲ್ಲದೆ ಆಡಬೇಡಿ. ಮೇ ತಿಂಗಳ ಸಂಜೆ ಗುಡುಗು ಶುರುವಾಯಿತು ಅಂದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಸೇವ್ ಅರ್ಧದಲ್ಲಿರುವಾಗ ಹೋದರೆ ಆ ಫೈಲ್ ಕತೆ ಮುಗಿಯಿತು. ವಾರಕ್ಕೊಮ್ಮೆ ಸೇವ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ.

ಎಚ್ಚರಿಕೆಯ ಗುರುತುಗಳು

'ಎರರ್ ಕೋಡ್ 12' ಬಂದರೆ ಮೆಮೊರಿ ಮುಗಿದಿದೆ ಅಂತ ಅರ್ಥ. ಆಟ ಮುಚ್ಚಬೇಡಿ. ಮೊದಲು ಗ್ರಾಫಿಕ್ಸ್ ಸೆಟ್ಟಿಂಗ್ ಕೆಳಗಿಳಿಸಿ, ಕ್ಯಾಮೆರಾ ಮನೆ ಮೇಲೆ ತನ್ನಿ, ಪಾಜ್ ಮಾಡಿ ಎರಡು ನಿಮಿಷ ಬಿಟ್ಟು ಹೊಸ ಹೆಸರಿನಲ್ಲಿ ಸೇವ್ ಆ್ಯಸ್ ಮಾಡಿ ನೋಡಿ. ಕೆಲವು ಸಲ ಉಳಿಯುತ್ತದೆ. ಉಳಿಯದಿದ್ದರೆ ಆ ದಿನದ ಆಟ ಹೋಯಿತು, ಹಿಂದಿನ ಸೇವ್‌ನಿಂದ ಶುರು ಮಾಡಿ. ಎರರ್ ಬಂದಮೇಲೆ ಹಳೆ ಹೆಸರಿನ ಮೇಲೇ ಬರೆಯಲು ಹೋಗಬೇಡಿ. ಒಳ್ಳೆಯ ಸೇವ್ ಕೂಡ ಕೆಡುತ್ತದೆ.

ಆಟದ ಗಡಿಯಾರ ಒಂದೇ ನಿಮಿಷದಲ್ಲಿ ನಿಂತು ಸಿಮ್‌ಗಳು ಮಾತ್ರ ಆಡುತ್ತಿದ್ದರೆ ಊರಿನಲ್ಲಿ ಯಾರೋ ಸಿಕ್ಕಿಕೊಂಡಿರಬಹುದು. ಚೀಟ್ ಪೆಟ್ಟಿಗೆಯಲ್ಲಿ (ಐದನೇ ಹಂತದಲ್ಲಿ ಕಂಟ್ರೋಲ್, ಶಿಫ್ಟ್, ಸಿ ಒತ್ತಿದಾಗ ಬಂದದ್ದು) ಮೊದಲು 'ಟೆಸ್ಟಿಂಗ್ ಚೀಟ್ಸ್ ಎನೇಬಲ್ಡ್ ಟ್ರೂ' ಕೊಡಿ. ಅದರಲ್ಲಿ ಮೊದಲ ಮೂರು ಪದ ಸೇರಿಸಿ ಬರೆಯಬೇಕು. ಆಮೇಲೆ 'ರೀಸೆಟ್‌ಸಿಮ್' ಬರೆದು ಒಂದು ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ. ಊರಿನವರೆಲ್ಲ ರೀಸೆಟ್ ಆಗುತ್ತಾರೆ.

ಮುಖ ನೀಲಿ, ಗೋಡೆ ಕಪ್ಪು, ಬಟ್ಟೆ ಮಾಯ ಆಗುವುದು ಶುರುವಾದರೆ ಕ್ಯಾಶ್ (ಆಟ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಫೈಲ್‌ಗಳು) ಕೆಟ್ಟಿದೆ. ಆಟ ಮುಚ್ಚಿ ಸಿಮ್ಸ್ 3 ಫೋಲ್ಡರ್‌ನಲ್ಲಿ ಹೆಸರಲ್ಲಿ 'ಕ್ಯಾಶ್' ಇರುವ ಐದು ಪ್ಯಾಕೇಜ್ ಫೈಲ್ ಅಳಿಸಿ: 'ಸಿಎಎಸ್‌ಪಾರ್ಟ್', 'ಕಂಪಾಸಿಟರ್', 'ಸ್ಕ್ರಿಪ್ಟ್', 'ಸಿಮ್‌ಕಂಪಾಸಿಟರ್', 'ಸೋಶಿಯಲ್'. ಆಟ ತೆರೆದಾಗ ಅವು ತಾವೇ ಹುಟ್ಟುತ್ತವೆ. ಇದನ್ನು ವಾರಕ್ಕೊಂದು ಸಲ ಸುಮ್ನೆ ಮಾಡಿದರೂ ನಷ್ಟ ಇಲ್ಲ. ಅದೇ ಫೋಲ್ಡರ್‌ನ 'ಡಿಸಿಕ್ಯಾಶ್' ಮಾತ್ರ ಮುಟ್ಟಬೇಡಿ. ಲಾಂಚರ್ ಮೂಲಕ ಹಾಕಿದ ಸಾಮಾನೆಲ್ಲ ಅಲ್ಲಿರುತ್ತದೆ.

ಹಳೆ ಸೇವ್ ತರುವುದಿದ್ದರೆ

ಇದು ಕಟ್ಟಕಡೆಯ ಕೆಲಸ. ಹೊಸ ಕುಟುಂಬವೊಂದು ಒಂದು ವಾರ ಬೀಳದೆ ಓಡಿದಮೇಲೆ ಮಾತ್ರ. ಹಳೆ ಸೇವ್ ಮಾಡಿದಾಗ ಇದ್ದ ಪ್ಯಾಕ್‌ಗಳೆಲ್ಲ ಈಗಲೂ ಇರಬೇಕು. ಇಲ್ಲದಿದ್ದರೆ ಮನೆಯ ಸಾಮಾನು ಕಾಣೆಯಾಗುತ್ತದೆ. ಕಾಪಿಯನ್ನೇ ತೆರೆಯಿರಿ, ಮೂಲ ಪೆನ್‌ಡ್ರೈವ್‌ನಲ್ಲೇ ಇರಲಿ. ಸಿಮ್ಸ್ 4ರ ಮನೆ, ಸಿಮ್‌ಗಳನ್ನು ಇಲ್ಲಿಗೆ ತರಲು ಆಗುವುದಿಲ್ಲ, ಆ ಪ್ರಯತ್ನ ಬೇಡ.

ಹಳೆ ಊರು ತುಂಬಾ ಎಳೆಯುತ್ತಿದ್ದರೆ 'ಎಡಿಟ್ ಟೌನ್'ನಲ್ಲಿ ಆ ಕುಟುಂಬವನ್ನಷ್ಟೇ ಉಳಿಸಿಕೊಂಡು ಹೊಸ ಊರಿನಲ್ಲಿ ಇಡಿ. ಮನೆಯೊಳಗಿನ ಸಂಬಂಧ ಹಾಗೇ ಇರುತ್ತದೆ, ಬೇರೆ ಮನೆಯ ನೆಂಟರು ಸ್ನೇಹಿತರು ಹೋಗುತ್ತಾರೆ. ತಂಗಿ ಇದಕ್ಕೆ ಒಪ್ಪಲಿಲ್ಲ. ಹಳೆ ಸೇವ್ ಪೆನ್‌ಡ್ರೈವ್‌ನಲ್ಲೇ ಬಿಟ್ಟು ರಿವರ್‌ವ್ಯೂನಲ್ಲಿ ಖಾಲಿ ಸೈಟು ತಗೊಂಡಳು. ಮೊನ್ನೆ ಫೋನ್ ಬಂತು, ರಾತ್ರಿ ಹನ್ನೊಂದಕ್ಕೇ. "ಅಣ್ಣಾ, ರೆಡ್ ಆಕ್ಸೈಡ್ ನೆಲಕ್ಕೆ ಹೊಳಪು ಬರ್ತಿಲ್ಲ." ಆಟ ಬಿದ್ದಿಲ್ಲವಲ್ಲ, ಅಷ್ಟು ಸಾಕು ಅಂತ ಮಲಗಿದೆ.